ಮರ್ಯಾದೆಯ ಎಲ್ಲೆ

'ಮರ್ಯಾದೆ' ಎಂಬ ಸಂಸ್ಕೃತ ಪದದ ಮೂಲ ಅರ್ಥ ಎಲ್ಲೆ, ಗಡಿ. ಕೇರಳದ ಗಡಿಗೆ ಸಮೀಪದ ಕನ್ಯಾನದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಡ, ತುಳು, ಕೊಂಕಣಿ, ಮಲಯಾಳ, ಬ್ಯಾರಿ ಮಾತುಗಳು ಕೂಡುವ ಈ ಸೀಮೆಯಲ್ಲಿ ಯಾರನ್ನು ಹೇಗೆ ಕರೆಯಬೇಕು, ಯಾರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅರಿತೇ ಬಾಳಬೇಕು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಇಲ್ಲಿನ ಹಳೆಯ ಸಂಪ್ರದಾಯ. ಆದರೆ ನಾಡಿನ ನಡತೆಗೂ ವಿಶ್ವಾಸಕ್ಕೂ ನಡುವಿನ ಎಲ್ಲೆ ಎಲ್ಲಿದೆ? ಇದಕ್ಕೆ ಉತ್ತರ ಕಾಣಲು ಧರ್ಮಸಭೆಗೆ ಶತಮಾನಗಳೇ ಬೇಕಾದವು.

1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟ್ ದೆ ನೊಬಿಲಿಯವರು ಸನ್ಯಾಸಿಯ ಉಡುಗೆ ತೊಟ್ಟು, ಮಾಂಸಾಹಾರ ಬಿಟ್ಟರು. ಇದು ವಿಗ್ರಹಾರಾಧನೆಯಲ್ಲವೇ ಎಂದು ಕೆಲವರು ಆಕ್ಷೇಪಿಸಿದರು. 1623ರಲ್ಲಿ ಪೋಪ್ 15ನೆಯ ಗ್ರೆಗರಿಯವರು ಮೂಢನಂಬಿಕೆ ಬೆರೆಯದಿದ್ದರೆ ಜನಿವಾರ, ಶಿಖೆ, ಗಂಧಗಳನ್ನು ಬಳಸಬಹುದೆಂದರು. ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿಯವರೂ ಸನ್ಯಾಸಿ ವೇಷದಲ್ಲೇ ಕನ್ನಡ ಕಲಿತು ಸೇವೆ ಸಲ್ಲಿಸಿದರು.

ಗೋವೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ 1736ರಲ್ಲಿ ಹೊರಡಿಸಿದ ಆಜ್ಞೆ, ಮದುವೆಯಲ್ಲಿ ವೀಳ್ಯದೆಲೆ, ಅಡಿಕೆ ಹಂಚುವುದನ್ನೂ ನಿಷೇಧಿಸಿತು. ಆದರೂ ಗೋವೆಯಿಂದ ಬಂದು ಕರಾವಳಿಯಲ್ಲಿ ನೆಲೆಸಿದ ಕುಟುಂಬಗಳ ಮದುವೆಗಳಲ್ಲಿ ರೋಸ್ ಹಚ್ಚುವ ಶಾಸ್ತ್ರ, ವೀಳ್ಯದ ಗೌರವ ಉಳಿದೇ ಬಂದಿವೆ. ಅವರ ವಿಶ್ವಾಸವೂ ಉಳಿಯಿತು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸವೂ ಅದನ್ನು ಅಳಿಸಲಿಲ್ಲ.

ಹಾಗಾದರೆ ನಾಡಿನ ರೂಢಿಯೆಲ್ಲವೂ ಔಚಿತ್ಯವೇ? ಅಲ್ಲ. ಮಧುರೆಯ ಮಿಷನ್‌ನಲ್ಲಿ ಸಮಾಜದ ರೀತಿಗೆ ತಲೆಬಾಗಿ ಮೇಲು ಜಾತಿ, ಕೆಳ ಜಾತಿಗಳಿಗೆ ಬೇರೆ ಬೇರೆ ಗುರುಗಳು ನೇಮಕವಾದರು. ಅಸ್ಪೃಶ್ಯರೆನಿಸಿದ ರೋಗಿಗಳ ಗುಡಿಸಲಿಗೆ ಹೋಗಿ ಸಂಸ್ಕಾರ ನೀಡಲು ಹಿಂಜರಿಯಬಾರದೆಂದು 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊ ಅವರು ಪುದುಚೇರಿಯಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಗಂಧ, ವೀಳ್ಯಗಳಿಂದ ಯಾರಿಗೂ ಅವಮಾನವಿಲ್ಲ. ಮನುಷ್ಯನನ್ನು ಹೊಸ್ತಿಲ ಹೊರಗೆ ನಿಲ್ಲಿಸುವ ರೂಢಿ ಮಾತ್ರ ಎಷ್ಟೇ ಹಳೆಯದಾದರೂ ಮರ್ಯಾದೆಯಲ್ಲ. ನಿಜವಾದ ಎಲ್ಲೆ ಇಲ್ಲಿದೆ.

ವಿಶ್ವಾಸಕ್ಕೂ ಸದಾಚಾರಕ್ಕೂ ವಿರುದ್ಧವಲ್ಲದ ಜನಪದ್ಧತಿಗಳನ್ನು ಬದಲಿಸಬಾರದೆಂದು ರೋಮ್ 1659ರಲ್ಲೇ ಮಿಷನರಿಗಳಿಗೆ ತಿಳಿಸಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನೇ ಎತ್ತಿಹಿಡಿಯಿತು. 1969ರಲ್ಲಿ ಪಾದರಕ್ಷೆ ಕಳಚುವುದು, ಕೈಮುಗಿದು ನಮಿಸುವುದು, ಆರತಿ ಮುಂತಾದವುಗಳಿಗೆ ಭಾರತದ ಆರಾಧನೆಯಲ್ಲಿ ಅನುಮತಿ ದೊರೆಯಿತು.

ಸಂತ ಲೂಕರ ಶುಭಸಂದೇಶದಲ್ಲಿ ಫರಿಸಾಯ ಸಿಮೋನನು ಯೇಸುಸ್ವಾಮಿಯನ್ನು ಊಟಕ್ಕೆ ಕರೆದು ಕಾಲಿಗೆ ನೀರು ಕೊಡಲು ಮರೆತ. ಕರೆಯದೆ ಒಳಬಂದ, ಊರಿನವರು ಪಾಪಿ ಎಂದ ಹೆಂಗಸು ಕಣ್ಣೀರಿನಿಂದಲೇ ಆ ಪಾದಗಳನ್ನು ತೊಳೆದಳು. ಮನೆ ಸಿಮೋನನದು, ಮರ್ಯಾದೆ ಅವಳದು. ಈ ಹಬ್ಬದಲ್ಲಿ ನಮ್ಮ ಅಂಗಳಕ್ಕೆ ಬರುವವರಲ್ಲಿ ಯಾರಿಗೆ ಬೆಲ್ಲ, ನೀರು ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಲಿ.