ಮೋಡೆಮ್ಮಿನ ಜಂಪರುಗಳೂ ಬಿಜಾಪುರ ಸೀಮೆಯ ದೂರವಾಣಿ ಸಂಖ್ಯೆಗಳೂ

ಶಿಲಾಶಾಸನ, ತಾಮ್ರಪಟ, ಕಡತ ಇವುಗಳನ್ನು ಮಾತ್ರವೇ ಚರಿತ್ರೆಯ ಆಧಾರವೆಂದು ಗಣಿಸುವುದು ನಮ್ಮಲ್ಲಿ ರೂಢಿಯಾಗಿದೆ. 20ನೆಯ ಶತಮಾನದ ಕೊನೆಯ ದಶಕಕ್ಕೆ ಸೇರಿದ ಒಂದು ಅಲ್ಪವಸ್ತುವೂ ಆ ಪಂಕ್ತಿಗೆ ಅರ್ಹವೆಂಬುದನ್ನು ವಿದ್ವಾಂಸರಲ್ಲಿ ನಿವೇದಿಸುವುದು ಈ ಲೇಖನದ ಉದ್ದೇಶ. ಗಣಕಯಂತ್ರಕ್ಕೂ ದೂರವಾಣಿಯ ತಂತಿಗೂ ಸಂಧಾನವನ್ನೆಸಗುವ ಮೋಡೆಮ್ಮಿನ ಫಲಕದ ಮೇಲಣ ಜಂಪರೇ ಆ ವಸ್ತು. ಜಂಪರೆಂದರೆ ನಮ್ಮ ಜನರ ಬಾಯಲ್ಲಿ ಹೆಂಗಸರ ಕುಪ್ಪಸ, ಇದು ಬೇರೆ. ಎರಡು ಲೋಹದ ಸೂಜಿಗಳನ್ನು ಕೂಡಿಸುವ, ಜೋಳದ ಕಾಳಿನಷ್ಟು ಗಾತ್ರದ ಮುಚ್ಚಳವಿದು.

ಅಂದಿನ ಗಣಕಕ್ಕೆ ತನ್ನೊಳಗಿನ ಫಲಕಗಳನ್ನು ತಾನೇ ಗುರುತಿಸುವ ಶಕ್ತಿಯಿರಲಿಲ್ಲ. ಸರಣಿದ್ವಾರಗಳಿಗೆ 'ಕಾಮ್' 1ರಿಂದ 4ರ ವರೆಗೆ ಹೆಸರು. ಮೊದಲನೆಯದರ ವಿಳಾಸ 3ಎಫ್8, ಎರಡನೆಯದರದು 2ಎಫ್8, ಮೂರನೆಯದರದು 3ಇ8, ನಾಲ್ಕನೆಯದರದು 2ಇ8. ವಿಳಾಸಗಳು ನಾಲ್ಕಾದರೂ ಯಂತ್ರದ ಗಮನವನ್ನು ಸೆಳೆಯುವ ಕರೆಯ ಸಂಖ್ಯೆಗಳು ಎರಡೇ: 1 ಮತ್ತು 3ನೆಯ ದ್ವಾರಗಳಿಗೆ 4, 2 ಮತ್ತು 4ನೆಯವಕ್ಕೆ 3. ಮೊದಲನೆಯ ದ್ವಾರದಲ್ಲಿ ಮೌಸಿದ್ದು, ಮೋಡೆಮ್ಮನ್ನು ಮೂರನೆಯದಕ್ಕೆ ಹೂಡಿದರೆ, ಕರೆ ಹೋಗುವ ಹೊತ್ತಿಗೆ ಮೌಸು ಸ್ತಂಭಿಸುವುದು ಸಾಮಾನ್ಯವಾಗಿತ್ತು. ಆಗ ಮುಚ್ಚಳವನ್ನು ಕಿತ್ತು ಬಿಡುವಾಗಿರುವ 5ನೆಯ ಕರೆಗೆ ಇಡುವುದು, ಇಲ್ಲವೆ ಬಳಕೆಯಿಲ್ಲದ ಎರಡನೆಯ ದ್ವಾರವನ್ನು ಮುಚ್ಚಿ ಅದರ ಸ್ಥಾನವನ್ನು ಮೋಡೆಮ್ಮಿಗೆ ಕೊಡುವುದು ಪರಿಹಾರ. ಆದುದರಿಂದ ಗುಜರಿಯಲ್ಲಿ ದೊರೆತ ಫಲಕವೊಂದರ ಜಂಪರು 5ರಲ್ಲಿ ಇದ್ದರೆ, 3 ಮತ್ತು 4ನ್ನು ಬೇರೆ ಉಪಕರಣಗಳು ಆಕ್ರಮಿಸಿದ್ದುವೆಂದು ಊಹಿಸಲವಕಾಶವುಂಟು. ಗಣಕವು ನಾಶವಾದರೂ ಈ ಕುರುಹು ಉಳಿಯುತ್ತದೆ. 1995ರ ವಿಂಡೋಸ್ 95ರ ತರುವಾಯ ಯಂತ್ರವೇ ವಿಳಾಸವನ್ನು ಹಂಚತೊಡಗಿತು. ಅಂತಹ ಫಲಕಗಳು ಈ ವಿಷಯದಲ್ಲಿ ಮೂಕ.

ಒಳಗಿನ ಈ ವಿಳಾಸವು ಸರ್ವದೇಶಸಾಮಾನ್ಯ. ಮೋಡೆಮ್ಮು ಒತ್ತುವ ದೂರವಾಣಿ ಸಂಖ್ಯೆಯಾದರೋ ಆಯಾ ನಾಡಿನ ಚರಿತ್ರೆಯನ್ನು ಹೊತ್ತಿದೆ. ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ವಿನಿಮಯಕೇಂದ್ರವು ಸ್ಥಾಪಿತವಾಯಿತು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ಅದೂ ಮೊದಲು ಮಹಾನಗರಗಳಲ್ಲಿ. 500 ಕಿಲೋಮೀಟರಿಗೂ ದೂರವಿದ್ದ ಇಂಡಿಯವರಿಗೆ ಬೆಂಗಳೂರಿನ ಕೇಂದ್ರವನ್ನು ಮುಟ್ಟುವುದೆಂದರೆ ಟ್ರಂಕ್ ಕರೆಯ ವೆಚ್ಚ.

ಸಂಕೇತಸಂಖ್ಯೆಗಳನ್ನು ಪರಿಶೀಲಿಸೋಣ. ವಿಜಯಪುರ 08352, ಮುದ್ದೇಬಿಹಾಳ 08356, ಬಸವನ ಬಾಗೇವಾಡಿ 08358, ಇಂಡಿ 08359. ಇದೇ ಸರಣಿಯಲ್ಲಿ ಜಮಖಂಡಿ 08353, ಬಾಗಲಕೋಟೆ 08354. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರವೆಂಬ ಹೆಸರೇ ವಿಜಯಪುರವಾಯಿತು. ಸಂಖ್ಯೆಗಳಲ್ಲಿ ಮಾತ್ರ ಅವಿಭಕ್ತ ಜಿಲ್ಲೆಯು ಇನ್ನೂ ಅಖಂಡವಾಗಿದೆ. ಆದರೆ ಸಿಂದಗಿಯದು 08488. ಇದು ಬೀದರ 08482, ಭಾಲ್ಕಿ 08484 ಇವುಗಳ ಬಳಗ. ಸಿಂದಗಿಯು ಕಲಬುರಗಿಯ ಗಡಿಗೆ ತಾಗಿದೆಯೆಂಬುದು ನಿಜ. ಆದರೂ ಬಿಜಾಪುರದ ತಾಲೂಕೊಂದು ಬೀದರದ ಪಂಕ್ತಿಯಲ್ಲಿ ಕುಳಿತಿರುವುದು ಆಡಳಿತದ ನಕಾಶೆಯೊಂದರಿಂದಲೇ ಅರ್ಥವಾಗುವಂತಹುದಲ್ಲ. ತಂತಿಯ ಸೀಮೆ ಬೇರೆ, ಕಂದಾಯದ ಸೀಮೆ ಬೇರೆ ಎಂಬುದಕ್ಕೆ ಇದು ಸಾಕಷ್ಟು ಪ್ರಮಾಣ.

ಈ ನಾಲ್ಕು ತಾಲೂಕುಗಳ ಶಾಲೆ, ಕಚೇರಿ, ಅಂಗಡಿಗಳ ಅಟ್ಟದಲ್ಲಿ ಹಳೆಯ ಮೋಡೆಮ್ ಫಲಕಗಳು ದೊರೆತಲ್ಲಿ ಅಧ್ಯಾಪಕರು ಜಂಪರನ್ನು ಕದಲಿಸದೆ, ಮುಚ್ಚಳವು ಯಾವ ಸೂಜಿಗಳ ಮೇಲಿದೆಯೆಂಬುದನ್ನೂ ಫಲಕವು ದೊರೆತ ಊರನ್ನೂ ಬರೆದಿಡಬೇಕು. ಚಿನ್ನದ ಲೇಪಕ್ಕಾಗಿ ಈ ಫಲಕಗಳನ್ನು ಕರಗಿಸುವವರು ಸೂಜಿಗಳನ್ನು ಎಣಿಸುವುದಿಲ್ಲ.