ನ್ಯಾಯಾಧೀಶರ ದುರ್ನಡತೆಯ ಆರೋಪ: ನ್ಯಾಯಾಲಯದ ನೌಕರರಿಗಿರುವ ಮಾರ್ಗ ಯಾವುದು?

ಮಂಡ್ಯದ ಜಿಲ್ಲಾ ನ್ಯಾಯಾಲಯವಾಗಲಿ, ಮದ್ದೂರು ಮತ್ತು ಮಳವಳ್ಳಿಯ ಸಿವಿಲ್ ನ್ಯಾಯಾಲಯಗಳಾಗಲಿ, ನ್ಯಾಯಾಧೀಶರೊಬ್ಬರಿಂದಲೇ ನಡೆಯುವಂಥವಲ್ಲ. ಶಿರಸ್ತೇದಾರರು, ಬೆಂಚ್ ಕ್ಲರ್ಕ್, ಶೀಘ್ರಲಿಪಿಗಾರರು, ಬೆರಳಚ್ಚುಗಾರರು, ಆದೇಶ ಜಾರಿಕಾರರು, ದಲಾಯತರು ಇವರೆಲ್ಲರ ದುಡಿಮೆಯಿಂದ ದಿನದ ಕಲಾಪ ಸಾಗುತ್ತದೆ. ಪೀಠದಲ್ಲಿರುವವರು ಈ ನೌಕರರನ್ನು ನಿಂದಿಸಿದರೆ, ಮನೆಗೆಲಸಕ್ಕೆ ಹಚ್ಚಿದರೆ, ಸೇಡಿನಿಂದ ನೋಟಿಸು ಕೊಟ್ಟರೆ ಅದನ್ನು ವಿಚಾರಿಸುವವರು ಯಾರು ಎಂಬ ಪ್ರಶ್ನೆಗೆ ಸಂವಿಧಾನದಲ್ಲಿಯೇ ಉತ್ತರವಿದೆ. ಆದರೆ ಆ ಉತ್ತರದವರೆಗೆ ತಲುಪುವುದು ಸಣ್ಣ ನೌಕರನಿಗೆ ಸುಲಭವಲ್ಲ.

ಅಧಿಕಾರ ಯಾರದು?

ಸಂವಿಧಾನದ 235ನೇ ವಿಧಿಯು ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಹೈಕೋರ್ಟ್‌ಗೆ ವಹಿಸಿದೆ. 'ನಿಯಂತ್ರಣ' ಎಂಬ ಪದದಲ್ಲಿ ಶಿಸ್ತುಕ್ರಮದ ಅಧಿಕಾರವೂ ಅಡಕವಾಗಿದೆ ಎಂದು ಪಶ್ಚಿಮ ಬಂಗಾಳ ಸರ್ಕಾರ ಮತ್ತು ನೃಪೇಂದ್ರನಾಥ ಬಾಗ್ಚಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1965ರಲ್ಲಿ ತೀರ್ಮಾನಿಸಿತು. ಆದ್ದರಿಂದ ನ್ಯಾಯಾಧೀಶರ ವಿರುದ್ಧ ಇಲಾಖಾ ವಿಚಾರಣೆ ನಡೆಸುವ ಅಧಿಕಾರ ಜಿಲ್ಲಾಧಿಕಾರಿಗಾಗಲಿ, ಸಚಿವರಿಗಾಗಲಿ ಇಲ್ಲ. ಸೇವೆಯಿಂದ ವಜಾ ಮಾಡುವ ಆದೇಶ ರಾಜ್ಯಪಾಲರ ಹೆಸರಿನಲ್ಲಿ ಹೊರಡಬಹುದು. ಅದರ ಹಿಂದಿನ ನಿರ್ಧಾರ ಮಾತ್ರ ಹೈಕೋರ್ಟ್‌ನದು.

ನೌಕರರ ನೇಮಕ ಮತ್ತು ಶಿಸ್ತಿನ ವಿಷಯ ಬೇರೆ. ಅದು ಜಿಲ್ಲಾ ನ್ಯಾಯಾಧೀಶರ ಹಂತದಲ್ಲಿದೆ. ಮಳವಳ್ಳಿಯ ದಲಾಯತನೊಬ್ಬನ ಮೇಲೆ ಅಲ್ಲಿನ ನ್ಯಾಯಾಧೀಶರು ವರದಿ ಬರೆದರೆ ಆ ಕಡತ ಮಂಡ್ಯಕ್ಕೆ ಹೋಗುತ್ತದೆ. ಅದೇ ದಲಾಯತನು ನ್ಯಾಯಾಧೀಶರ ಮೇಲೆ ದೂರಿದರೆ, ಆ ಕಡತ ಬೆಂಗಳೂರಿನ ಹೈಕೋರ್ಟ್ ತಲುಪಬೇಕಾಗುತ್ತದೆ. ಒಬ್ಬರ ಕೈಯಲ್ಲಿ ಲೇಖನಿ, ಇನ್ನೊಬ್ಬರ ಮುಂದೆ ದೂರದ ದಾರಿ. ಈ ಅಸಮತೆಯೇ ಇಡೀ ವಿಷಯದ ತಿರುಳು.

ವಿಚಾರಣೆಯ ಹಂತಗಳು

ದೂರನ್ನು ಹೈಕೋರ್ಟ್‌ನ ರಿಜಿಸ್ಟ್ರಾರ್ ಜನರಲ್ ಅಥವಾ ಜಾಗೃತ ವಿಭಾಗದ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸಬಹುದು. ಅಧೀನ ನ್ಯಾಯಾಧೀಶರ ವಿರುದ್ಧದ ದೂರಿನೊಂದಿಗೆ ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ಆಧಾರ ಇರಬೇಕೆಂದು ಭಾರತದ ಮುಖ್ಯ ನ್ಯಾಯಮೂರ್ತಿಯವರು 2014ರ ಅಕ್ಟೋಬರ್ 3ರಂದು ಎಲ್ಲ ಹೈಕೋರ್ಟ್‌ಗಳಿಗೆ ಪತ್ರ ಬರೆದಿದ್ದರು. ಅನಾಮಧೇಯ ಪತ್ರಗಳು ಇದರಿಂದ ಬಹುಮಟ್ಟಿಗೆ ನಿಷ್ಫಲವಾದವು. ಹೆಸರು ಬಹಿರಂಗಪಡಿಸಲು ಅಂಜುವ ನೌಕರನಿಗೂ ಇದೇ ನಿಯಮ ಅನ್ವಯಿಸುತ್ತದೆ.

ಪ್ರಾಥಮಿಕ ಪರಿಶೀಲನೆಯಲ್ಲಿ ತಥ್ಯ ಕಂಡುಬಂದರೆ 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ಕ್ರಮ ಆರಂಭವಾಗುತ್ತದೆ. 10ನೇ ನಿಯಮವು ಅಮಾನತಿಗೆ ಸಂಬಂಧಿಸಿದ್ದು. 11ನೆಯದು ಕಠಿಣ ದಂಡನೆಗೆ ಮುನ್ನ ನಡೆಯಬೇಕಾದ ವಿಚಾರಣೆಯ ಕ್ರಮವನ್ನು ವಿವರಿಸುತ್ತದೆ. ದೋಷಾರೋಪಣಾ ಪಟ್ಟಿ ನೀಡಿ, ಲಿಖಿತ ಉತ್ತರ ಪಡೆದು, ಸಾಕ್ಷಿಗಳ ಹೇಳಿಕೆ ಮತ್ತು ಪಾಟೀ ಸವಾಲು ಮುಗಿದ ಬಳಿಕ ವಿಚಾರಣಾಧಿಕಾರಿ ವರದಿ ಸಲ್ಲಿಸುತ್ತಾರೆ. ವಾಗ್ದಂಡನೆ, ವೇತನ ಬಡ್ತಿಯ ತಡೆ, ಕಡ್ಡಾಯ ನಿವೃತ್ತಿ, ವಜಾ ಇವು ದಂಡನೆಯ ಬಗೆಗಳು. ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ರುಜುವಾತು ಇಲ್ಲಿ ಬೇಕಿಲ್ಲ. ಸಾಕ್ಷ್ಯದ ಮೇಲುಗೈ ಸಾಕು.

ತೀರ್ಪು ನೀಡಿದ್ದಕ್ಕಾಗಿ ನ್ಯಾಯಾಧೀಶರ ಮೇಲೆ ಮೊಕದ್ದಮೆ ಹೂಡದಂತೆ 1985ರ ನ್ಯಾಯಾಧೀಶರ (ರಕ್ಷಣೆ) ಅಧಿನಿಯಮ ತಡೆಯುತ್ತದೆ. ಆದರೆ ಇಲಾಖಾ ಕ್ರಮಕ್ಕೆ ಅಡ್ಡಿಯಿಲ್ಲವೆಂದು ಅದರ 3ನೇ ಪ್ರಕರಣವೇ ಹೇಳುತ್ತದೆ. ದಲಾಯತನನ್ನು ಬೈಯುವುದು ನ್ಯಾಯನಿರ್ಣಯದ ಕಾರ್ಯವಲ್ಲ.

ಎರಡು ನಿದರ್ಶನಗಳು

ಚಾಮರಾಜನಗರ ಜಿಲ್ಲೆಯ ಗಡಿಗೆ ಹೊಂದಿಕೊಂಡ ತಮಿಳುನಾಡಿನ ಈರೋಡ್ ಜಿಲ್ಲೆಯ ಸತ್ಯಮಂಗಲದಲ್ಲಿ 2016ರಲ್ಲಿ ನಡೆದ ಸಂಗತಿ ದೇಶದ ಗಮನ ಸೆಳೆಯಿತು. ಮನೆಯ ಒಳ ಉಡುಪುಗಳನ್ನು ಸರಿಯಾಗಿ ಒಗೆಯಲಿಲ್ಲವೆಂದು ಅಲ್ಲಿನ ಅಧೀನ ನ್ಯಾಯಾಧೀಶರು ಪರಿಶಿಷ್ಟ ಜಾತಿಗೆ ಸೇರಿದ ಕಚೇರಿ ಸಹಾಯಕಿಗೆ ಲಿಖಿತ ಮೆಮೊ ನೀಡಿದ್ದರೆಂದು ವರದಿಯಾಗಿತ್ತು. ಆಕೆ ಕ್ಷಮೆ ಕೋರಿ ಉತ್ತರ ಬರೆದಿದ್ದರು. ಮನೆಗೆಲಸದ ಬಗ್ಗೆ ಕಚೇರಿಯ ಮೆಮೊ ಹೊರಟದ್ದೇ ಆ ಪ್ರಕರಣದ ಪ್ರಬಲ ಸಾಕ್ಷ್ಯವಾಯಿತು. ಸಾಮಾನ್ಯವಾಗಿ ಇಂತಹ ಕಾಗದ ಸಿಗುವುದಿಲ್ಲ. ಬೈಗುಳಕ್ಕೆ ದಾಖಲೆಯಿಲ್ಲ, ಕೇಳಿಸಿಕೊಂಡವರು ಅದೇ ಅಧಿಕಾರಿಯ ಕೈಕೆಳಗಿನ ಸಹೋದ್ಯೋಗಿಗಳು.

ಎರಡನೆಯದು ಕರ್ನಾಟಕದ್ದು. ತೀರ್ಪಿನ ಪೂರ್ಣ ಪಾಠ ಸಿದ್ಧವಾಗುವ ಮೊದಲೇ ಅದರ ಕೊನೆಯ ಭಾಗವನ್ನು ತೆರೆದ ನ್ಯಾಯಾಲಯದಲ್ಲಿ ಘೋಷಿಸಿದ ಆರೋಪ ಸಿವಿಲ್ ನ್ಯಾಯಾಧೀಶ ಎಂ. ನರಸಿಂಹ ಪ್ರಸಾದ್ ಅವರ ಮೇಲಿತ್ತು. ಶೀಘ್ರಲಿಪಿಗಾರರ ಅನನುಭವ ಮತ್ತು ಅದಕ್ಷತೆಯೇ ಇದಕ್ಕೆ ಕಾರಣ ಎಂಬುದು ಅವರ ಸಮರ್ಥನೆ. ಹೈಕೋರ್ಟ್‌ನ ವಿಭಾಗೀಯ ಪೀಠ ದಂಡನೆಯನ್ನು ರದ್ದುಪಡಿಸಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಸಮರ್ಥನೆಯನ್ನು ಪಂಚತಂತ್ರದ ಕಥೆಗೆ ಹೋಲಿಸಿತು. ತಪ್ಪು ಶೀಘ್ರಲಿಪಿಗಾರರದೆಂದು ಹೇಳುವವರೇ ಅವರನ್ನು ಸಾಕ್ಷಿಯಾಗಿ ಕರೆಸಬೇಕಿತ್ತು ಎಂದಿತು. ತನ್ನ ತಪ್ಪನ್ನು ಕೆಳಗಿನ ನೌಕರನ ಮೇಲೆ ಹೊರಿಸಿ ಪಾರಾಗುವಂತಿಲ್ಲ ಎಂಬುದು ಇದರ ಪಾಠ.

ಇನ್ನೊಂದು ಮಗ್ಗುಲು

ಪ್ರಾಮಾಣಿಕ ನ್ಯಾಯಾಧೀಶರಿಗೂ ರಕ್ಷಣೆ ಬೇಕು. ಕೆಲಸಗಳ್ಳತನವನ್ನು ಪ್ರಶ್ನಿಸಿದ್ದಕ್ಕೆ, ಕಡತ ತಡವಾದುದಕ್ಕೆ ಕಾರಣ ಕೇಳಿದ್ದಕ್ಕೆ ದೂರು ಹುಟ್ಟುವುದುಂಟು. ಕ್ಷುಲ್ಲಕ ದೂರುಗಳ ಬೆದರಿಕೆಯಲ್ಲಿ ನ್ಯಾಯಾಧೀಶರು ಸ್ವತಂತ್ರವಾಗಿ ಕೆಲಸ ಮಾಡಲಾರರು, ಅವರನ್ನು ಕಾಯುವ ಹೊಣೆ ಹೈಕೋರ್ಟ್‌ನದು ಎಂದು ಈಶ್ವರ ಚಂದ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ. ಸಂವಿಧಾನದ 311ನೇ ವಿಧಿಯಂತೆ ಆರೋಪ ತಿಳಿಸದೆ, ಅಹವಾಲು ಕೇಳದೆ ವಜಾ ಮಾಡುವಂತಿಲ್ಲ. ಆರೋಪ ರುಜುವಾತಾಗುವವರೆಗೆ ಅದು ಆರೋಪ ಮಾತ್ರ.

ನೌಕರರು ಗಮನಿಸಬೇಕಾದದ್ದು

ಘಟನೆಯ ದಿನಾಂಕ, ಸಮಯ, ಆಡಿದ ಮಾತು, ಸ್ಥಳದಲ್ಲಿದ್ದವರ ಹೆಸರು ಇವನ್ನು ಅಂದೇ ಬರೆದಿಡುವುದು ಮೇಲು. ಮೆಮೊಗಳ ಪ್ರತಿ, ಕೊಟ್ಟ ಉತ್ತರದ ಪ್ರತಿ ಮತ್ತು ಸ್ವೀಕೃತಿಯನ್ನು ಜೋಪಾನವಾಗಿಡಬೇಕು. ಲೈಂಗಿಕ ಕಿರುಕುಳವಾಗಿದ್ದರೆ 2013ರ ಅಧಿನಿಯಮದಂತೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಸಮಿತಿಗೆ ದೂರು ಸಲ್ಲಿಸಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಜಾತಿ ನಿಂದನೆಯಾಗಿದ್ದರೆ 1989ರ ದೌರ್ಜನ್ಯ ತಡೆ ಅಧಿನಿಯಮವಿದೆ.

ಮದ್ದೂರು, ಮಳವಳ್ಳಿಯ ನೌಕರರು ಮೊದಲು ತಟ್ಟಬಹುದಾದ ಬಾಗಿಲು ಮಂಡ್ಯದ ಪ್ರಧಾನ ಜಿಲ್ಲಾ ನ್ಯಾಯಾಧೀಶರದು. ಅವರು ದೂರನ್ನು ಹೈಕೋರ್ಟ್‌ಗೆ ಕಳುಹಿಸಬಲ್ಲರು, ದೂರಿದವರನ್ನು ಬೇರೆ ಶಾಖೆಗೆ ನಿಯೋಜಿಸಬಲ್ಲರು. ಸಾಕ್ಷಿ ಹೇಳಿದ ಮರುದಿನವೂ ಅದೇ ಪೀಠದ ಮುಂದೆ ಕಡತ ಹಿಡಿದು ನಿಲ್ಲಬೇಕಾದ ನೌಕರನಿಂದ ಸತ್ಯವನ್ನು ನಿರೀಕ್ಷಿಸುವುದು ಕಷ್ಟ. ವಿಚಾರಣೆ ಮುಗಿಯುವತನಕ ಇಬ್ಬರನ್ನೂ ಬೇರೆಬೇರೆಯಾಗಿರಿಸುವುದು ಉಭಯರಿಗೂ ಕ್ಷೇಮ.