ನರಕೋಶದ ಬೆನ್ನು ಹತ್ತಿದ ಎಂಬತ್ತೈದು ವರ್ಷ

ಗರ್ಭ ಕಟ್ಟಿದ ಮೊದಲ ವಾರ ಮನುಷ್ಯನ ಭ್ರೂಣವೆಂದರೆ ನೂರಿನ್ನೂರು ಜೀವಕೋಶಗಳ ಪುಟ್ಟ ಚೆಂಡು. ಅದರೊಳಗಿನ ಒಂದು ಗುಂಪಿಗೆ ಇನ್ನೂ ಕುಲವಿಲ್ಲ, ಕಸುಬಿಲ್ಲ. ಮುಂದೆ ಚರ್ಮ, ಮೂಳೆ, ಹೃದಯ, ಮಿದುಳು ಎಲ್ಲವೂ ಆಗಬೇಕಾದವು ಅವೇ. ಇವನ್ನು ಆಕರಕೋಶ ಅಥವಾ ಸ್ಟೆಮ್ ಸೆಲ್ ಎನ್ನುತ್ತಾರೆ. ಇವುಗಳಲ್ಲಿ ಕೆಲವಕ್ಕೆ ‘ನೀನು ನರಕೋಶವಾಗು’ ಎಂದು ಅಪ್ಪಣೆ ಕೊಡುವವರು ಯಾರು?

ಈ ಪ್ರಶ್ನೆಯ ಹುಡುಕಾಟ ಆರಂಭವಾದದ್ದು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ, ನ್ಯೂಟ್ ಎಂಬ ಹಲ್ಲಿಯಾಕಾರದ ಜೀವಿಯಿಂದ. ಅಲ್ಲಿನ ಪ್ರೊಫೆಸರ್ ಹಾನ್ಸ್ ಸ್ಪೆಮಾನ್ ಅವರ ಶಿಷ್ಯೆ ಹಿಲ್ಡೆ ಮ್ಯಾಂಗೋಲ್ಡ್, ತೆಳು ಬಣ್ಣದ ನ್ಯೂಟ್ ಭ್ರೂಣದಿಂದ ಒಂದು ಚೂರು ತೆಗೆದು ಕಡು ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ನಾಟಿ ಮಾಡಿದರು. ಆಯುಧಗಳೆಂದರೆ ಗಾಜಿನ ಸೂಜಿ, ಎಳೆ ಮಗುವಿನ ಕೂದಲಿನ ಕುಣಿಕೆ. ಸೋಂಕು ತಡೆಯುವ ಔಷಧಗಳಿಲ್ಲದ ಕಾಲವದು. ಬಹುಪಾಲು ಭ್ರೂಣಗಳು ಸತ್ತವು. ಬದುಕಿದ ಕೆಲವುಗಳ ಹೊಟ್ಟೆಗೆ ಎರಡನೆಯ ಭ್ರೂಣವೇ ಅಂಟಿಕೊಂಡು ಬೆಳೆದಿತ್ತು! ಅದರ ನರಮಂಡಲ ಬಹುಮಟ್ಟಿಗೆ ಕಡು ಬಣ್ಣದ್ದು. ಅಂದರೆ ನಾಟಿ ಹಾಕಿದ ಚೂರು ತಾನೇ ನರವಾಗಿರಲಿಲ್ಲ, ಚರ್ಮವಾಗಬೇಕಿದ್ದ ನೆರೆಯ ಕೋಶಗಳನ್ನು ನರವಾಗಿಸಿತ್ತು. ಸ್ಪೆಮಾನ್ ಅದಕ್ಕೆ ‘ಸಂಘಟಕ’ ಎಂದು ಹೆಸರಿಟ್ಟರು.

ಪ್ರಬಂಧ ಅಚ್ಚಾದದ್ದು 1924ರಲ್ಲಿ. ಅದೇ ವರ್ಷ ಅಡುಗೆಮನೆಯ ಬೆಂಕಿ ಅನಾಹುತದಲ್ಲಿ ಹಿಲ್ಡೆ ತೀರಿಕೊಂಡರು. ವಯಸ್ಸು ಇನ್ನೂ 25. ಸ್ಪೆಮಾನ್‌ಗೆ ನೊಬೆಲ್ ಬಂದದ್ದು 1935ರಲ್ಲಿ.

ಆ ಚೂರಿನೊಳಗೆ ಯಾವುದೋ ‘ನರಕಾರಕ’ ವಸ್ತು ಇರಬೇಕೆಂದು ಎಲ್ಲರೂ ನಂಬಿದರು. ಆದರೆ 1930ರ ದಶಕದ ಪ್ರಯೋಗಗಳು ಗೊಂದಲವನ್ನೇ ಹೆಚ್ಚಿಸಿದವು. ಸತ್ತ ಸಂಘಟಕವೂ ಕೆಲಸ ಮಾಡಿತು. ಬೇರೆ ಪ್ರಾಣಿಗಳ ಅಂಗಾಂಶವೂ ಮಾಡಿತು. ಕೊನೆಗೆ ಮೆಥಿಲೀನ್ ಬ್ಲೂ ಎಂಬ ಬಣ್ಣವೂ ಮಾಡಿತು! ಎಲ್ಲ ಕೀಲಿಗಳಿಗೂ ತೆರೆದುಕೊಳ್ಳುವ ಬೀಗದಿಂದ ಸರಿಯಾದ ಕೀಲಿಯನ್ನು ಗುರುತಿಸುವುದು ಹೇಗೆ? ಹುಡುಕಾಟ ದಶಕಗಳ ಕಾಲ ಕುಂಟಿತು.

ದೋಷ ಪ್ರಶ್ನೆಯಲ್ಲೇ ಇತ್ತು. ಕಪ್ಪೆ ಭ್ರೂಣದ ಹೊರಪದರದ ಕೋಶಗಳನ್ನು ಬಿಡಿಬಿಡಿಯಾಗಿಸಿ ಕೆಲವು ಗಂಟೆ ದೂರವಿಟ್ಟರೆ, ಯಾವ ಸಂಘಟಕವೂ ಇಲ್ಲದೆ ಅವು ನರಕೋಶಗಳಾಗುವುದು 1989ರಲ್ಲಿ ಕಂಡುಬಂತು. ಒಟ್ಟಿಗಿದ್ದಾಗ ಅವೇ ಪರಸ್ಪರ ‘ಬೇಡ, ಚರ್ಮವಾಗು’ ಎಂದು ಹೇಳಿಕೊಳ್ಳುತ್ತಿದ್ದವು. ಹೇಳುತ್ತಿದ್ದುದು ಬಿಎಂಪಿ ಎಂಬ ಪ್ರೋಟೀನು. ಮೂಳೆ ಬೆಳೆಸುವುದಕ್ಕೆಂದು ಅದು ಮೊದಲು ಹೆಸರಾದದ್ದು ಒಂದು ತಮಾಷೆ. ಅಮೆರಿಕದ ಬರ್ಕ್ಲಿಯಲ್ಲಿ 1992ರಲ್ಲಿ ಗುರುತಿಸಿದ ನಾಗಿನ್ ಪ್ರೋಟೀನು ಸಂಘಟಕದಿಂದ ಹೊರಟು ಈ ಬಿಎಂಪಿಯನ್ನು ಹಿಡಿದು ಕಟ್ಟಿಹಾಕುತ್ತದೆಂಬುದು ಆಮೇಲೆ ತಿಳಿಯಿತು. ಸಂಘಟಕ ಅಪ್ಪಣೆ ಕೊಡುವ ದೊರೆಯಲ್ಲ, ಬಾಯಿ ಮುಚ್ಚಿಸುವ ಕಾವಲುಗಾರ.

ಇದು ಕಪ್ಪೆಯ ಮಾತಾಯಿತು. ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ 1998ರಲ್ಲಿ ಮನುಷ್ಯನ ಭ್ರೂಣದ ಆಕರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಬಂಜೆತನದ ಚಿಕಿತ್ಸೆಗೆಂದು ಸೃಷ್ಟಿಸಿ, ದಂಪತಿಗಳು ದಾನ ಮಾಡಿದ ಭ್ರೂಣಗಳವು. ಕೋಶ ತೆಗೆದರೆ ಭ್ರೂಣ ಉಳಿಯದು. ಗದ್ದಲವೆದ್ದಿತು. ಅದುವರೆಗೆ ಬೆಳೆಸಿದ್ದ ಕೋಶಗಳ ಸಂಶೋಧನೆಗಷ್ಟೇ ಸರ್ಕಾರಿ ಹಣವೆಂದು 2001ರಲ್ಲಿ ಅಧ್ಯಕ್ಷ ಬುಷ್ ಕಟ್ಟುಪಾಡು ವಿಧಿಸಿದರು. ಆಗ ಅಮೆರಿಕ ಪ್ರಕಟಿಸಿದ 64 ಕೋಶತಳಿಗಳ ಪಟ್ಟಿಯಲ್ಲಿ ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು.

ನ್ಯೂಯಾರ್ಕಿನ ಲೊರೆನ್ಜ್ ಸ್ಟೂಡರ್ ಅವರ ತಂಡ 2009ರಲ್ಲಿ ಮನುಷ್ಯನ ಆಕರಕೋಶಗಳಿಗೆ ನಾಗಿನ್ ಜತೆಗೆ ಇನ್ನೊಂದು ರಾಸಾಯನಿಕ ಬೆರೆಸಿ ಎರಡು ಸಂದೇಶಗಳಿಗೆ ಒಟ್ಟಿಗೇ ತಡೆಯೊಡ್ಡಿತು. ಶೇ 80ಕ್ಕೂ ಹೆಚ್ಚು ಕೋಶಗಳು ನರದ ಹಾದಿ ಹಿಡಿದವು. ಆದರೆ ಯಾವ ನರಕೋಶ? ಅದಕ್ಕೆ ಮಾತ್ರ ಅಪ್ಪಣೆ ಬೇಕು. ಬೇರೆ ಬೇರೆ ಸಂದೇಶ, ಬೇರೆ ಬೇರೆ ಪ್ರಮಾಣ. ಹೆಚ್ಚುಕಮ್ಮಿಯಾದರೆ ಮಿದುಳಿನ ಕೋಶದ ಬದಲು ಬೆನ್ನುಹುರಿಯ ಕೋಶ ಸಿಕ್ಕೀತು.

ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಡೋಪಮಿನ್ ಉತ್ಪಾದಿಸುವ ನರಕೋಶಗಳು. ಆಕರಕೋಶದಿಂದ ಬೆಳೆಸಿದ ಅವುಗಳ ಎಳೆಯ ರೂಪವನ್ನು ಅಮೆರಿಕ, ಕೆನಡಾಗಳ 12 ರೋಗಿಗಳ ಮಿದುಳಿಗೆ ಸೇರಿಸಿದ ಪ್ರಯೋಗದ ವರದಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದೂವರೆ ವರ್ಷದಲ್ಲಿ ಆ ಕೋಶಗಳಿಂದ ಗಂಭೀರ ತೊಂದರೆಯಾಗಲಿಲ್ಲ, ಅವು ಬದುಕಿದ ಸೂಚನೆಯೂ ಸ್ಕ್ಯಾನ್‌ನಲ್ಲಿ ಕಂಡಿತು. ಇದು ಸುರಕ್ಷತೆಯ ಪರೀಕ್ಷೆಯಷ್ಟೆ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ರೋಗಿಗಳ ಗುಂಪು ಇರಲಿಲ್ಲವಾದ್ದರಿಂದ ನಡುಕ ಎಷ್ಟು ತಗ್ಗಿತೆಂಬ ಲೆಕ್ಕ ಅದರಿಂದ ಸಿಗದು. ಪರರ ಕೋಶಗಳನ್ನು ಮೈ ತಿರಸ್ಕರಿಸದಂತೆ ಆ ಹನ್ನೆರಡೂ ಮಂದಿ ವರ್ಷಕಾಲ ರೋಗನಿರೋಧ ತಗ್ಗಿಸುವ ಔಷಧ ನುಂಗಬೇಕಾಯಿತು.